ಕೆಪಾಸಿಟರ್ ಬೆಲೆ ಗೊತ್ತು, ಕೆಲಸದ ಬೆಲೆ?

ಕಾಲೇಜಿನ ಸುತ್ತಲಿನ ಬಡಾವಣೆಗಳಲ್ಲಿ ಬಾಡಿಗೆ ಮನೆ ಮಾಡಿಕೊಂಡವರ ನಡುವೆ ಒಂದು ಮಾತು ಆಗಾಗ ಕೇಳಿಬರುತ್ತೆ: "ಐದು ನಿಮಿಷದ ಕೆಲಸಕ್ಕೆ ಮುನ್ನೂರು ರೂಪಾಯಾ ಗುರು?" ಫ್ಯಾನ್ ನಿಧಾನವಾಗಿತ್ತು, ಪಕ್ಕದ ರಸ್ತೆಯ ಎಲೆಕ್ಟ್ರಿಷಿಯನ್ ಬಂದರು, ಕೆಪಾಸಿಟರ್ ಬದಲಾಯಿಸಿ ಹೋದರು. ಆಮೇಲೆ ಮೊಬೈಲಿನಲ್ಲಿ ಕೆಪಾಸಿಟರ್ ಬೆಲೆ ಹುಡುಕಿದರೆ ನೂರು ರೂಪಾಯಿನೂ ಇಲ್ಲ. ತಕ್ಷಣ ಗ್ರೂಪಿನಲ್ಲಿ ಮೆಸೇಜು, "ಲೋಕಲ್‌ನವರನ್ನ ಕರೀಬೇಡ್ರೋ, ಟೋಪಿ ಹಾಕ್ತಾರೆ."

ಟೋಪಿ ಯಾರೂ ಹಾಕಿಲ್ಲ ಅನ್ನೋದು ನಮ್ಮ ವಾದ.

ಸಿಂಗಲ್ ಫೇಸ್ ಇಂಡಕ್ಷನ್ ಮೋಟಾರ್ ತಾನಾಗಿಯೇ ಯಾಕೆ ಸ್ಟಾರ್ಟ್ ಆಗಲ್ಲ ಅಂತ ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬರೆಯುವವರು ನಾವು. ಆದರೆ ಫ್ಯಾನ್ ನಿಧಾನ ಆಗೋಕೆ ಕೆಪಾಸಿಟರ್ ಒಂದೇ ಕಾರಣ ಅಲ್ಲವಲ್ಲ. ಬೇರಿಂಗ್ ಬಿಗಿಯಾಗಿರಬಹುದು, ರೆಗ್ಯುಲೇಟರ್ ಕೆಟ್ಟಿರಬಹುದು, ವೋಲ್ಟೇಜೇ ಕಡಿಮೆ ಇರಬಹುದು. ಬಂದವರು ಸ್ವಿಚ್ ಆಫ್ ಮಾಡಿ, ರೆಕ್ಕೆಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿ, "ಬೇರಿಂಗ್ ಸರಿ ಇದೆ, ಕೆಪಾಸಿಟರ್ ಹೋಗಿದೆ" ಅಂದು, ಬ್ಯಾಗಿನಿಂದ 2.5 ಮೈಕ್ರೋಫ್ಯಾರಡ್‌ನದ್ದು ತೆಗೆದು ಹಾಕುತ್ತಾರೆ. ಐದು ನಿಮಿಷದಲ್ಲಿ ಮುಗಿಯಲಿ ಅಂತಲೇ ತಾನೆ ಅವರನ್ನು ಕರೆದದ್ದು? ಕೆಲಸ ಬರದವರು ಎರಡು ಗಂಟೆ ತಗೊಂಡಿದ್ದರೆ ಮುನ್ನೂರು ನ್ಯಾಯ ಅನಿಸುತ್ತಿತ್ತೇನೋ! ಅವರು ಬಂದು ಹೋಗುವ ಪೆಟ್ರೋಲು, ಸಾಮಾನಿಗೆ ಹಾರ್ಡ್‌ವೇರ್ ಅಂಗಡಿಗೆ ಓಡುವುದು, ಕೆಲಸವೇ ಸಿಗದ ದಿನಗಳು, ಇವೆಲ್ಲ ಅದೇ ಮುನ್ನೂರರಲ್ಲಿ ಬರಬೇಕು.

ಗೀಸರ್ ವಿಷಯ ಇದಕ್ಕಿಂತ ಗಂಭೀರ. ಬೋರ್ ನೀರಿನ ಏರಿಯಾಗಳಲ್ಲಿ ಎಲಿಮೆಂಟ್ ಮೇಲೆ ಬಿಳಿ ಪದರ ಕಟ್ಟುತ್ತೆ. ಎಲಿಮೆಂಟ್ ಅತಿಯಾಗಿ ಕಾದು, ಒಂದು ದಿನ ಸೀಳಿ, ಕರೆಂಟು ನೀರಿಗೆ, ಟ್ಯಾಂಕಿನ ಮೈಗೆ ಸೋರೋಕೆ ಶುರುವಾಗುತ್ತೆ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತೆ. ಅದರ ಜೊತೆ ಕೆಲವು ಮಿಲಿ ಆಂಪಿಯರ್ ಸೋರಿದರೆ ಎಂಸಿಬಿಗೆ ಗೊತ್ತೇ ಆಗಲ್ಲ. ಅದನ್ನು ಹಿಡಿಯೋಕೆ ಇರುವುದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಅದು ಬೆಳಗ್ಗೆ ಬೆಳಗ್ಗೆ ಟ್ರಿಪ್ ಆಗ್ತಾ ಇದ್ದರೆ, ನಾಳೆ ಇಂಟರ್ನಲ್ಸ್ ಇರುವ ಹುಡುಗರು ಹೇಳೋದು ಒಂದೇ: "ಅಣ್ಣಾ, ಅದನ್ನ ಬೈಪಾಸ್ ಮಾಡಿಬಿಡಿ."

ಇದಕ್ಕೆ "ಆಗಲ್ಲಪ್ಪ, ಮೊದಲು ಎಲಿಮೆಂಟ್ ಬಿಚ್ಚಿ ನೋಡೋಣ" ಅನ್ನುವವರಿಗೆ ಹೆಚ್ಚು ದುಡ್ಡು ಕೊಡಬೇಕು. ಅವರು ಬೈಪಾಸ್ ಮಾಡಿ ನೂರು ರೂಪಾಯಿ ಇಸಕೊಂಡು ಹೋಗಬಹುದಿತ್ತು. ಹಾಗೆ ಹೋಗುವವರೂ ಇದ್ದಾರೆ, ಇಲ್ಲ ಅನ್ನಲ್ಲ. ನಾವು ಪ್ರತಿ ಸಲ ಚೌಕಾಸಿ ಮಾಡಿ ಕಡಿಮೆ ರೇಟಿನವರನ್ನೇ ಹುಡುಕಿದರೆ, ಕೊನೆಗೆ ನಮ್ಮ ಪಾಲಿಗೆ ಉಳಿಯುವುದು ಅಂಥವರೇ.

ಹಾಗಾದರೆ ಆ್ಯಪ್‌ನಲ್ಲೇ ಬುಕ್ ಮಾಡಬಹುದಲ್ಲ ಅಂತೀರಾ? ಮಾಡಿ, ತಪ್ಪೇನಿಲ್ಲ. ಅಲ್ಲಿ ರೇಟು ಮೊದಲೇ ಕಾಣುತ್ತೆ, ಹಾಗಾಗಿ ಕೊಸರಾಡದೆ ಕೊಡುತ್ತೇವೆ. ಅದೇ ದುಡ್ಡನ್ನು ಎದುರಿಗೆ ನಿಂತ ಮನುಷ್ಯನಿಗೆ ಕೊಡೋಕೆ ಮಾತ್ರ ಯಾಕೆ ಕೈ ಬರಲ್ಲ? ಬೀದಿಯ ಅಣ್ಣನಿಗೆ ಆ ಬಡಾವಣೆಯ ಮನೆಗಳ ಜಾತಕ ಗೊತ್ತಿರುತ್ತೆ. ಸಂಪಿನ ವಾಲ್ವ್ ಎಲ್ಲಿದೆ, ಓನರ್ ಮೇಲಿನ ಮಹಡಿ ಕಟ್ಟಿದಾಗ ಯಾವ ಲೈನಿನಿಂದ ವೈರ್ ಎಳೆಸಿದರು, ಎಲ್ಲ.

ಇನ್ನೊಂದು ವಿಷಯ. ಆ್ಯಪ್ ಮೂಲಕ ದುಡಿಯುವವರಿಗಾಗಿ ಕರ್ನಾಟಕ 2025ರಲ್ಲಿ ಕಾನೂನು ತಂದಿತು. ಕಂಪನಿಗಳು ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕು. ಬೀದಿಯ ಎಲೆಕ್ಟ್ರಿಷಿಯನ್ ಇದರಡಿ ಬರಲ್ಲ. 2025ರ ನವೆಂಬರ್‌ವರೆಗೆ ಅವರಿಗಿದ್ದದ್ದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ. ಅದರ ವ್ಯಾಖ್ಯೆಯಲ್ಲಿ ರಿಪೇರಿ, ನಿರ್ವಹಣೆ ಎರಡೂ ಇದ್ದವು, ಸಂತೋಷ. ಆದರೆ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು, ಅದಕ್ಕೆ ಪ್ರಮಾಣಪತ್ರ ತರಬೇಕು. ಒಬ್ಬನೇ ಮೇಸ್ತ್ರಿ ಕೈಕೆಳಗೆ ಮೂರು ತಿಂಗಳು ದುಡಿದವರಿಗೆ ಇದು ಸುಲಭ. ಇವತ್ತು ಈ ಮನೆಯಲ್ಲಿ ಅರ್ಧ ಗಂಟೆ, ನಾಳೆ ಆ ಮನೆಯಲ್ಲಿ ಮುಕ್ಕಾಲು ಗಂಟೆ ಕೆಲಸ ಮಾಡುವವರು ಯಾರ ಹತ್ತಿರ ಸಹಿ ಹಾಕಿಸಬೇಕು? ಪಿಂಚಣಿ, ಮಕ್ಕಳ ಓದಿನ ಸಹಾಯಧನ ಎಲ್ಲಕ್ಕೂ ಆ ನೋಂದಣಿಯೇ ಬಾಗಿಲು. ಕೊನೆಗೆ ಅವರ ಪಿಎಫ್, ಇನ್ಶೂರೆನ್ಸ್ ಎಲ್ಲ ನಮ್ಮ ಮುನ್ನೂರು ರೂಪಾಯಿಯೇ.

ಆದ್ದರಿಂದ ಫೋನಿನಲ್ಲೇ ವಿಸಿಟಿಂಗ್ ಚಾರ್ಜ್ ಎಷ್ಟು ಅಂತ ಕೇಳಿ, ಒಪ್ಪಿಗೆಯಾದರೆ ಮಾತ್ರ ಕರೆಸಿ. ಬಂದು ನೋಡಿ "ಇದು ರಿಪೇರಿ ಆಗಲ್ಲ" ಅಂದರೂ ಆ ದುಡ್ಡು ಕೊಡಿ, ನೋಡಿ ಹೇಳಿದ್ದೂ ಕೆಲಸವೇ. ಸೋರುವ ನಲ್ಲಿಯ ಫೋಟೋ ಮೊದಲೇ ವಾಟ್ಸಾಪ್ ಮಾಡಿದರೆ ಸರಿಯಾದ ಸಾಮಾನು ತರುತ್ತಾರೆ, ಎರಡನೇ ಸಲ ಬರೋದು ತಪ್ಪುತ್ತೆ. ಗೋಡೆಯೊಳಗಿನ ಪೈಪು, ವೈರಿಂಗ್ ಆದರೆ ಮೊದಲು ಓನರ್‌ಗೆ ಹೇಳಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯೂ ಅದನ್ನು ಮಾಲೀಕರ ಪಾಲಿಗೆ, ನಲ್ಲಿ, ಸ್ವಿಚ್ಚು, ಗೀಸರ್ ರಿಪೇರಿಗಳನ್ನು ಬಾಡಿಗೆದಾರರ ಪಾಲಿಗೆ ಹಾಕಿದೆ.

ಒಳ್ಳೆ ಕೆಲಸದವರು ಸಿಕ್ಕರೆ, ಅವರನ್ನು ಕೇಳಿ ನಂಬರನ್ನು ಜೂನಿಯರ್ಸ್‌ಗೆ ಕೊಡಿ. ಭಾನುವಾರ ಬೆಳಗ್ಗೆ ಆರಕ್ಕೆ ಫೋನ್ ಮಾಡಬೇಡಿ ಅಂತನೂ ಹೇಳಿ.