ಮಗಳ ಫೋನಿಗೆ ಬೀಗ, ಮಗನ ಫೋನಿಗೆ?



ಶಿರಾಲಿಯಂಥ ನಮ್ಮ ಊರುಗಳಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಮೊಬೈಲಿನಿಂದ ಹುಡುಗಿಯರು ಹಾಳಾದರು." ಮಗಳ ಕೈಯಿಂದ ಫೋನು ಕಸಿಯುತ್ತೇವೆ. ಯಾರೋ ಅವಳಿಗೆ ಕೆಟ್ಟ ಸಂದೇಶ ಕಳಿಸಿದರೆ ಕಾಲೇಜು ಬಿಡಿಸುತ್ತೇವೆ. ಸಾಲ ಮಾಡಿ ವರದಕ್ಷಿಣೆ ಹೊಂದಿಸಿ ಸಿಕ್ಕಿದ ಗಂಡಿಗೆ ಕಟ್ಟುತ್ತೇವೆ. ಆದರೆ ಸಂದೇಶ ಕಳಿಸಿದವನನ್ನು ಕೇಳಿದವರು ಯಾರು? ಅವನೂ ನಮ್ಮಂಥ ಒಬ್ಬ ತಾಯಿಯ ಮಗನೇ ಅಲ್ಲವೇ?

2017ರ ಡಿಸೆಂಬರ್ ನೆನಪಿಸಿಕೊಳ್ಳಿ. ಹೊನ್ನಾವರದ ಕೆರೆಯಲ್ಲಿ ಒಬ್ಬ ಯುವಕನ ಶವ ಸಿಕ್ಕಿತು. ಹೆತ್ತವರ ಕಣ್ಣೀರು ಆರುವ ಮೊದಲೇ, ಅವನನ್ನು ಚಿತ್ರಹಿಂಸೆ ಕೊಟ್ಟು ಕೊಂದರೆಂಬ ಸುದ್ದಿ ವಾಟ್ಸಾಪ್, ಫೇಸ್‌ಬುಕ್‌ಗಳಲ್ಲಿ ಹರಿದಾಡಿತು. ಪೊಲೀಸರು ಅಲ್ಲಗಳೆದರೂ ಕೇಳುವವರಿರಲಿಲ್ಲ. ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಕಲ್ಲು ತೂರಾಟ, ಬೆಂಕಿ. ಕುಮಟಾದಲ್ಲಿ ಪೊಲೀಸ್ ಐಜಿಯವರ ವಾಹನವನ್ನೇ ಸುಟ್ಟರು. ಕೊನೆಗೆ 2022ರಲ್ಲಿ ಸಿಬಿಐ ನ್ಯಾಯಾಲಯಕ್ಕೆ ಕೊಟ್ಟ ವರದಿ ಏನು ಹೇಳಿತು? ಅದು ಕೊಲೆಯಲ್ಲ, ನೀರಿನಲ್ಲಿ ಮುಳುಗಿ ಆದ ಆಕಸ್ಮಿಕ ಸಾವು.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸುಳ್ಳನ್ನು ನಂಬಿದ ಜನ ಒಬ್ಬ ಯುವ ಇಂಜಿನಿಯರನನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ಕಂಪನಿ, ಬಂದ ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ನಮ್ಮ ದೇಶದಲ್ಲಿ ಮಿತಿ ಹಾಕಿತು. ಕಂಪನಿಗೇ ಅರ್ಥವಾದದ್ದು ನಮಗೆ ಅರ್ಥವಾಗಬೇಡವೇ?

ಸುಳ್ಳು ಹುಟ್ಟಿಸಿದವನು ಮನೆಯಲ್ಲಿ ಸುಖವಾಗಿರುತ್ತಾನೆ. ಅದನ್ನು ನಂಬಿ ಕಲ್ಲೆತ್ತಿದ ಹುಡುಗ ಠಾಣೆ ಸೇರುತ್ತಾನೆ. ವಕೀಲರ ಫೀಜಿಗೆ ಕಿವಿಯ ಓಲೆ ಅಡವಿಡುವವಳು ತಾಯಿ.

"ಅವನು ಗಂಡು" ಎಂದು ಏನೂ ಕೇಳದೆ ಬೆಳೆಸುತ್ತೇವಲ್ಲ, ರೋಗದ ಬೇರು ಅಲ್ಲಿದೆ. ಹಾಗೆ ಬೆಳೆದವನೇ ನಾಳೆ ವರದಕ್ಷಿಣೆಗೆ ಕೈಯೊಡ್ಡುತ್ತಾನೆ. ಹೆಂಡತಿಯ ಫೋನು ತಡಕಾಡಿ, ಸಂಶಯಪಟ್ಟು ಅವಳ ಮೇಲೆ ಕೈಮಾಡುತ್ತಾನೆ.

ಮುಂದಿನ ವಾರ ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಈ ಮಾತೆತ್ತಿ. ಯಾರು ಹೇಳಿದ್ದು, ಎಲ್ಲಿ ನಡೆದದ್ದು ಎಂದು ತಿಳಿಯದೆ ಯಾವುದನ್ನೂ ಮುಂದಕ್ಕೆ ಕಳಿಸಕೂಡದೆಂದು ಗಂಡುಮಕ್ಕಳಿಗೆ ಕಲಿಸಿ. ಮಗಳಿಗೆ ಫೋನಿನಲ್ಲಿ ಕಾಟವಿದ್ದರೆ ಅವಳನ್ನು ಬೈಯಬೇಡಿ, ಸಂದೇಶಗಳನ್ನು ಅಳಿಸಲೂಬೇಡಿ, ಅವೇ ಸಾಕ್ಷಿ. 112ಕ್ಕೆ, ಹದಿನೆಂಟು ತುಂಬದ ಮಕ್ಕಳಾದರೆ 1098ಕ್ಕೂ ಫೋನು ಮಾಡಿ. ಒಬ್ಬಳೇ ಠಾಣೆಗೆ ಹೋಗಲು ಹೆದರಿಕೆಯಾದರೆ ಸಂಘದ ಹತ್ತು ಜನ ಜೊತೆಗೆ ಹೋಗಿ. ಬೇಡವೆಂದ ಮೇಲೂ ಹೆಣ್ಣಿನ ಬೆನ್ನುಹತ್ತಿ ಕಾಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಅಪರಾಧ. ಮೊದಲ ಸಲವೇ ಮೂರು ವರ್ಷದವರೆಗೆ ಜೈಲು ಶಿಕ್ಷೆಯಿದೆ.

ಮಗಳಿಗೆ ಅವಳ ಫೋನು ಮರಳಿ ಕೊಡಿ, ಓದು ಮುಂದುವರಿಯಲಿ. ಇಂದು ರಾತ್ರಿ ಊಟಕ್ಕೆ ಕೂತಾಗ ಮಗನನ್ನು ಕೇಳಿ: "ತಮ್ಮಾ, ಇವತ್ತು ಯಾರಿಗೆ ಏನು ಕಳಿಸಿದೆ?"