ಅಂಟಿದ ಅವಳಿಗಳು, ಅಂಟಿಕೊಂಡ ದೆವ್ವ

ಥಾಯ್ಲೆಂಡಿನ ದೆವ್ವವೊಂದು ಕನ್ನಡದಲ್ಲೂ ಕಾಣಿಸಿಕೊಂಡಿದೆ. 2007ರಲ್ಲಿ ತೆರೆ ಕಂಡ ಥಾಯ್ ಚಿತ್ರ 'ಅಲೋನ್'ನಲ್ಲಿ ದೇಹ ಅಂಟಿಕೊಂಡೇ ಹುಟ್ಟಿದ ಅವಳಿ ಸೋದರಿಯರನ್ನು ಬೇರ್ಪಡಿಸುತ್ತಾರೆ. ಒಬ್ಬಳು ಸಾಯುತ್ತಾಳೆ, ಸತ್ತವಳು ಉಳಿದವಳ ಬೆನ್ನು ಬಿಡುವುದಿಲ್ಲ. ಹುಣಸೂರು ಮೂಲದ ದ್ವಾರಕೀಶ್ ಅವರ ಸಂಸ್ಥೆ 2012ರಲ್ಲಿ ಇದನ್ನು 'ಚಾರುಲತಾ' ಆಗಿ ಕನ್ನಡ, ತಮಿಳಿಗೆ ತಂದಿತು. ಪೊನ್ ಕುಮಾರನ್ ನಿರ್ದೇಶಕರು, ಅವಳಿಗಳಿಬ್ಬರೂ ಪ್ರಿಯಾಮಣಿಯವರೇ. ಮುಂದೆ ಮಲಯಾಳದಲ್ಲಿ 'ಗೀತಾಂಜಲಿ' (2013), ಹಿಂದಿಯಲ್ಲಿ 'ಅಲೋನ್' (2015) ಬಂದವು.

ಇಂಥ ಜೋಡಿಗಳಿಗೆ 'ಸಯಾಮಿ ಅವಳಿ' ಎಂಬ ಹೆಸರು ಬಂದದ್ದೂ ಅದೇ ದೇಶದಿಂದ. ಆಗ ಸಯಾಂ ಎನಿಸಿದ್ದ ಅಲ್ಲಿ 1811ರಲ್ಲಿ ಹುಟ್ಟಿದ ಚಾಂಗ್ ಮತ್ತು ಎಂಗ್ ಎದೆಯ ಬಳಿ ಅಂಟಿಕೊಂಡಿದ್ದರು. ಅಮೆರಿಕದಲ್ಲಿ ನೆಲೆಸಿ ಬೇಸಾಯ ಮಾಡಿದರು. ಅಕ್ಕತಂಗಿಯರನ್ನು ಮದುವೆಯಾಗಿ ಮಕ್ಕಳನ್ನು ಪಡೆದರು. 1874ರಲ್ಲಿ ಒಂದೇ ದಿನ ತೀರಿಕೊಂಡರು.

ಇದಕ್ಕೆ ಕಾರಣವೇನು? ಒಂದೇ ಭ್ರೂಣ ಎರಡಾಗಲು ಹೊರಟು, ಪೂರ್ತಿ ಬೇರ್ಪಡದೆ ಉಳಿಯುವುದು ಎಂಬುದು ಪ್ರಚಲಿತ ವಿವರಣೆ. ಆದ್ದರಿಂದಲೇ ಇಬ್ಬರೂ ಗಂಡು, ಇಲ್ಲವೇ ಇಬ್ಬರೂ ಹೆಣ್ಣು. ಗ್ರಹಣವಾಗಲಿ, ಯಾರದೋ ಶಾಪವಾಗಲಿ ಇದಕ್ಕೆ ಕಾರಣವಲ್ಲ. ತಾಯಿಯ ತಪ್ಪಂತೂ ಅಲ್ಲವೇ ಅಲ್ಲ.

ಥಾಯ್ ಚಿತ್ರ ಬಂದ ವರ್ಷವೇ, 2007ರಲ್ಲಿ, ಬಿಹಾರದ ಎರಡು ವರ್ಷದ ಹೆಣ್ಣುಮಗುವೊಂದನ್ನು ಬೆಂಗಳೂರಿಗೆ ಕರೆತಂದರು. ಪೂರ್ಣ ಬೆಳೆಯದ ಅವಳಿಯ ದೇಹ ಸೇರಿಕೊಂಡು ಅದಕ್ಕೆ ನಾಲ್ಕು ಕೈ, ನಾಲ್ಕು ಕಾಲು. ಊರಿನಲ್ಲಿ ದೇವಿಯೆಂದು ಕೈ ಮುಗಿದಿದ್ದರು. ಇಲ್ಲಿನ ವೈದ್ಯರು 24 ಗಂಟೆಗೂ ಮೀರಿದ ಶಸ್ತ್ರಕ್ರಿಯೆ ನಡೆಸಿದರು. ಮಗು ಬದುಕಿತು, ನಡೆಯಿತು.

ದೆವ್ವವನ್ನು ಸಿನಿಮಾದಲ್ಲಿ ನೋಡಿ ಹೆದರೋಣ. ಇಂಥ ಮಗು ಹುಟ್ಟಿದರೆ ಮಾತ್ರ ಹೆದರದೆ, ಪೂಜಿಸದೆ, ಆಸ್ಪತ್ರೆಗೆ ಒಯ್ಯೋಣ.