ಹಳೆ ಗಾಡಿಗೊಂದು ಕೆಂಪು ದೀಪ

ಮನಿ ಮುಂದ ಹಳೆ ಅಂಬಾಸಿಡರ್ ಇಲ್ಲಾ ಫಿಯಾಟ್ ಇಟ್ಕೊಂಡೋರಿಗೆ ನಂದು ಒಂದೇ ಮಾತು ಅದ. ಈ ವರ್ಷ ಸೀಟಿನ ಕವರ್ ಬಿಡ್ರಿ, ಬಣ್ಣ ಹಚ್ಚಸೋದು ಮುಂದಕ್ಕ ಹಾಕ್ರಿ. ಮೊದಲು ಆಯಿಲ್ ಪ್ರೆಶರಿನ ಕೆಂಪು ದೀಪ ಕೂಡಸ್ರಿ. "ಗಾಡಿ ಉಸಾಬರಿ ನಿಮಗ್ಯಾಕ" ಅಂತ ಯಾರರೆ ಕೇಳಿದ್ರ, ಅದರಾಗ ಮಕ್ಕಳನ್ನ ಕರ್ಕೊಂಡು ಕೂಡೋರು ನಾವೇ ಅಂತ ಹೇಳ್ರಿ.

ಅಂಬಾಸಿಡರ್ ತಯಾರಾಗೋದು 2014ಕ್ಕ ನಿಂತದ, ಪದ್ಮಿನಿ ಅದಕ್ಕಿಂತ ಮೊದಲೇ ನಿಂತದ. ಈಗ ಎಂಜಿನ್ ಹಾಳಾದ್ರ ಸಾಮಾನು ಹುಡುಕೋದ್ರಾಗೇ ತಿಂಗಳು ಹೋಗ್ತಾವ. ಆ ಖರ್ಚಿನ ಮುಂದ ದೀಪದ ಖರ್ಚು ಏನೂ ಅಲ್ಲ.

ಪ್ರೆಶರ್ ಅಂದ್ರೇನು ಅಂತ ಕೇಳ್ತೀರಿ. ನಮ್ಮ ಮನಿ ಸಂಪಿನ್ಯಾಗ ನೀರು ತುಂಬಿದ್ರೂ ಮೋಟರ್ ಎತ್ತಲಿಲ್ಲ ಅಂದ್ರ ಮ್ಯಾಲಿನ ನಲ್ಲಿಗಿ ಹನಿ ನೀರು ಬರಂಗಿಲ್ಲ. ಎಂಜಿನ್ನಿಗೂ ಹಂಗೇ. ಅದರ ಕೆಳಗ ಆಯಿಲ್ ನಿಲ್ಲೋ ಜಾಗಕ್ಕೂ ಸಂಪ್ ಅಂತೇ ಅಂತಾರ. ಅಲ್ಲಿಂದ ಪಂಪು ಆಯಿಲ್ ಎತ್ತಿ ಬೇರಿಂಗಿಗೆ ದೂಡಬೇಕು. ದೂಡೋದು ನಿಂತ್ರ ಕಬ್ಬಿಣಕ್ಕ ಕಬ್ಬಿಣ ತಿಕ್ಕಿ, ಜರಾ ಹೊತ್ತಿನ್ಯಾಗೇ ಎಂಜಿನ್ ಹಿಡಕೊಂಡು ಬಿಡ್ತದ.

"ಮೀಟರ್ ಅದಲ್ಲ, ದೀಪ ಯಾಕ?" ಅಂತಾರ. ಮೀಟರ್ ಇದ್ರ ಇರ್ಲಿ, ತಗೀಬ್ಯಾಡ್ರಿ. ಆದ್ರ ಮುಳ್ಳು ನೋಡಿ ಅರ್ಥ ಮಾಡ್ಕೊಳೋದು ತಿಳಿದವರಿಗಷ್ಟೇ ಬರ್ತದ. ನಮ್ಮ ಮಾವನವರು ಎಂಜಿನ್ ಸಪ್ಪಳ ಕೇಳೇ ಏನಾಗ್ಯದ ಅಂತ ಹೇಳ್ತಿದ್ರು. ಈಗ ಅವರಿಲ್ಲ, ಗಾಡಿ ಅದ, ಓಡಸೋಕಿ ನನ್ನ ಮಗಳು. ಹುಮನಾಬಾದ್ ರೋಡಿಗಿ ಲಾರಿ ನೋಡಬೇಕೋ, ಮುಳ್ಳು ನೋಡಬೇಕೋ? ಕೆಂಪು ದೀಪ ಹತ್ತಿದ್ರ ಬಾಜೂಕ ಕುಂತ ಅತ್ತಿಗೂ ಕಾಣ್ತದ, ಹಿಂದ ಕುಂತ ಹುಡುಗರಿಗೂ ಕಾಣ್ತದ. ನನಗ ದೀಪ ಬೇಕಾಗಿದ್ದು ಇದಕ್ಕೇ.

ಕೆಲಸ ದೊಡ್ಡದಲ್ಲ. ಮೀಟರಿನ ಪೈಪ್ ಎಂಜಿನ್ನಿಗೆ ಸೇರೋ ಕಡಿ ಒಂದು ಹಿತ್ತಾಳಿ ಟೀ ಹಾಕಿ, ಒಂದು ಬಾಯಿಗೆ ಮೀಟರ್, ಇನ್ನೊಂದಕ್ಕ ಪ್ರೆಶರ್ ಸ್ವಿಚ್ ಕೂಡಸ್ತಾರ. ಸ್ವಿಚ್ಚಿನಿಂದ ಒಂದು ವಾಯರ್ ದೀಪಕ್ಕ, ದೀಪದಿಂದ ಇನ್ನೊಂದು ವಾಯರ್ ಫ್ಯೂಸ್ ಹಾಯ್ದು ಕೀಲಿಗಿ. ಮಿಸ್ತ್ರಿಗೆ ಎರಡು ಮಾತು ಹೇಳ್ರಿ. ಒಂದು, ಸ್ವಿಚ್ಚಿನ ಆಟಿ ಬರಾಬರಿ ಕೂಡಬೇಕು, ಜಬರದಸ್ತಿ ತಿರುವಿದ್ರ ಅಲ್ಲೇ ಆಯಿಲ್ ಸೋರ್ತದ. ಎರಡು, ಆಟಿಗೆ ಟೇಪ್ ಭಾಳ ಸುತ್ತಬ್ಯಾಡ, ಸ್ವಿಚ್ಚಿಗೆ ಅರ್ಥ್ ಸಿಗೋದು ಆ ಕಬ್ಬಿಣದಿಂದೇ. ನಮ್ಮ ಕಲಬುರಗಿ ಬಿಸಲಿಗೆ ಮಧ್ಯಾಹ್ನ ದೀಪ ಮಸಕ ಕಾಣ್ತದ, ಅದಕ್ಕ ಡ್ಯಾಶ್‌ಬೋರ್ಡಿನ ನೆರಳಿಗೆ ಇಡಸ್ರಿ. ಸಣ್ಣದೊಂದು ಬಝರ್ ಕೂಡಿಸಿದ್ರ ಇನ್ನೂ ಚಲೋ.

"ಹಳೆ ಗಾಡಿ ಚೆಂದ ಕೆಡ್ತದ" ಅನ್ನೋರೂ ಅದಾರ. ಟೀ, ಸ್ವಿಚ್, ವಾಯರ್ ಯಾವಾಗ ಬೇಕಾದ್ರೂ ಬಿಚ್ಚಿ ತಗೀಬಹುದು. ದೀಪ ಡ್ಯಾಶ್‌ಬೋರ್ಡಿನ ಕೆಳಗ ಸಣ್ಣ ಪಟ್ಟಿಗಿ ಹಾಕಿದ್ರ ಒಂದು ತೂತನೂ ಕೊರೆಯೋದು ಬ್ಯಾಡ.

ಆದ್ರ ದೀಪ ಅದ ಅಂತ ನಿಶ್ಚಿಂತಿ ಆಗಬ್ಯಾಡ್ರಿ. ಸಾದಾ ಸ್ವಿಚ್ ಪ್ರೆಶರ್ ಭಾಳ ಇಳಿದ ಮ್ಯಾಲೇ ದೀಪ ಹಚ್ತದ, ಆಯಿಲ್ ಎಷ್ಟದ ಅಂತ ಅದು ಹೇಳಂಗಿಲ್ಲ. ಅದನ್ನ ಕಡ್ಡಿ ಎಳದೇ ನೋಡಬೇಕು. ಊರಿಗಿ ಹೊಂಡೋ ಮೊದಲು ಎಂಜಿನ್ ತಣ್ಣಗಿದ್ದಾಗ ಕಡ್ಡಿ ಒರಸಿ ನೋಡೋದು ನಾವೂ ಮಾಡಬಹುದು. ಕೀಲಿ ತಿರುವಿದ ಕೂಡ್ಲೇ ದೀಪ ಹತ್ತಬೇಕು, ಎಂಜಿನ್ ಚಾಲೂ ಆಗಿ ಎರಡು ಮೂರು ಸೆಕೆಂಡಿಗೆ ಆರಬೇಕು. ಕೀಲಿಗಿ ಹತ್ತಲೇ ಇಲ್ಲ ಅಂದ್ರ ಬಲ್ಬು ಇಲ್ಲಾ ವಾಯರ್ ಹೋಗ್ಯದ ಅಂತ ತಿಳೀರಿ. ಬ್ಯಾಸಗಿಯಾಗ ದೂರ ಹೋಗಿ ಬಂದು ಗಾಡಿ ನಿಂತಾಗ ದೀಪ ಮಿಣಮಿಣ ಅಂದ್ರ, ಕಾದ ಆಯಿಲ್ ತೆಳ್ಳಗಾಗಿರಬೇಕು, ಇಲ್ಲಾ ಬೇರಿಂಗ್ ಸವದಿರಬೇಕು. ಮಿಸ್ತ್ರಿಗೆ ತೋರಸ್ರಿ.

ಓಡಸೋ ಮುಂದ ಹತ್ತಿದ್ರ? ಮಹಾಗಾಂವ ಕ್ರಾಸ್ ದಾಟಿ ಹೊಂಟೀರಿ ಅಂತ ತಿಳ್ಕೋರಿ. "ಕಮಲಾಪುರ ಬಂತಲ್ಲ, ಅಲ್ಲೇ ನಿಂದ್ರಸೋಣ, ಕೆಂಪು ಬಾಳಿಹಣ್ಣೂ ತಗೊಂಡಂಗ ಆಗ್ತದ" ಅನ್ನೋರ ಮಾತು ಕೇಳಬ್ಯಾಡ್ರಿ. ರೋಡಿನ ಬಾಜೂಕ ತಗೊಂಡು ಅಲ್ಲೇ ಎಂಜಿನ್ ಬಂದ್ ಮಾಡ್ರಿ. ವಾಯರ್ ತಪ್ಪೋ, ಸ್ವಿಚ್ ತಪ್ಪೋ ಅಂತ ಆಮ್ಯಾಲ ನೋಡಿದ್ರಾತು. ಮನಿಯಾಗ ಯಾರ್ಯಾರು ಆ ಗಾಡಿಯಾಗ ಕೂಡ್ತಾರೋ ಅವರಿಗೆಲ್ಲ ಇಷ್ಟು ಕಲಸ್ರಿ, ಸಣ್ಣ ಹುಡುಗರಿಗೂ.